ಪರವಾನಗಿಯ ಕಾಗದ, ಪಾಠದ ಕೋಣೆ

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಕಲ್ಲುಗುಡಿಗಳ ಊರು. ಶಾಸನ ಓದುವವರು, ಶಿಲ್ಪ ನೋಡುವವರು ಆಗೊಮ್ಮೆ ಈಗೊಮ್ಮೆ ಅಲ್ಲಿಗೆ ಬಂದು ಹೋಗುತ್ತಾರೆ. ಉಳಿದಂತೆ ಹತ್ತಿಯ ಮಾತು, ತೊಗರಿಯ ಮಾತು, ಬೆಂಗಳೂರಿಗೆ ದುಡಿಯಲು ಹೋದವರ ಮಾತು, ಇಷ್ಟೇ ಅಲ್ಲಿಯ ದಿನಚರಿ. ಅಂಥ ಊರಿನ ಗುಡಿಯ ಕಟ್ಟೆಯ ಮೇಲೆ ಹಿಂದಿನ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೇಬಿನಿಂದ ಫೋನು ತೆಗೆದು ನನಗೊಂದು ಪ್ರಮಾಣಪತ್ರವನ್ನು ತೋರಿಸಿದ. ಅಂಚಿಗೆ ಚಿನ್ನದ ಬಳ್ಳಿ, ನಡುವೆ ಕೆಂಪು ಮೊಹರು, ಕೆಳಗೆ ಓದಲು ಬಾರದ ಎರಡು ಸಹಿ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸಲು ಈತ ಅರ್ಹನೆಂದೂ, ಅದಕ್ಕಾಗಿ ನೂರಿಪ್ಪತ್ತು ಗಂಟೆಗಳ ಶಿಕ್ಷಣವನ್ನು ಪೂರೈಸಿದ್ದಾನೆಂದೂ ಅದರಲ್ಲಿ ಬರೆದಿತ್ತು.

“ಎಲ್ಲಿ ಕಲಿತೆಯಪ್ಪಾ?” ಎಂದೆ.

“ಇಲ್ಲೇ ರಿ ಸರ್, ಮನ್ಯಾಗ. ಫೋನಿನಾಗ.”

“ಯಾರಿಗೆ ಪಾಠ ಮಾಡಿದೆ?”

“ಯಾರಿಗೂ ಮಾಡಿಲ್ಲ ರಿ. ಪ್ರಶ್ನೆ ಬರ್ತಾವ, ಉತ್ತರಾ ಒತ್ತೋದು ಅಷ್ಟೇ.”

ಆ ಕಾಗದಕ್ಕಾಗಿ ಅವನ ತಾಯಿಯ ಎರಡು ಬಂಗಾರದ ಬಳೆ ಒತ್ತೆ ಬಿದ್ದಿದ್ದವು. ಶಿಕ್ಷಣದ ಶುಲ್ಕ ಒಂದು, ನೌಕರಿ ಹುಡುಕಿ ಕೊಡುವ ಶುಲ್ಕ ಇನ್ನೊಂದು, ಕಾಗದಪತ್ರಗಳನ್ನು ದೃಢೀಕರಿಸುವ ಶುಲ್ಕ ಮತ್ತೊಂದು. ಪಡೆದವರು ದೂರದ ನಗರದ ಒಂದು ಸಂಸ್ಥೆಯವರು. ಅವರ ಮುಖವನ್ನು ಇವನು ಕಂಡಿಲ್ಲ, ಇವನ ಮುಖವನ್ನು ಅವರು ಕಂಡಿಲ್ಲ. ಕೊರಿಯಾ, ಜಪಾನು, ಥಾಯ್ಲೆಂಡು, ವಿಯೆಟ್ನಾಮು, ಎಲ್ಲಿ ಬೇಕಾದರೂ ಇಂಗ್ಲಿಷ್ ಮೇಷ್ಟರಾಗಿ ಹೋಗಬಹುದೆಂದು ಹೇಳಿದ್ದರಂತೆ. ಹುಡುಗ ಬಿ.ಎ., ಬಿ.ಎಡ್. ಆದವನು. ಅತಿಥಿ ಶಿಕ್ಷಕನಾಗಿ ತಿಂಗಳಿಗೆ ಹತ್ತು–ಹನ್ನೆರಡು ಸಾವಿರ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ, ಎಣಿಸಿಕೊಳ್ಳುತ್ತಿದ್ದವನು. ಕಾಗದ ಕೈಗೆ ಬಂದ ಮೇಲೆ ಮೊದಲು ಕೊರಿಯಾಕ್ಕೆ ಅರ್ಜಿ ಹಾಕಿದ. ಅಲ್ಲಿಂದ ಬಂದ ಪ್ರಶ್ನೆ ಒಂದೇ: ‘ನಿಮ್ಮ ಪಾಸ್‌ಪೋರ್ಟು ಯಾವ ದೇಶದ್ದು?’

ಈ ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಅವನಿಗೆ ಯಾರಾದರೂ ಹೇಳಬೇಕಾಗಿತ್ತು. ಹೇಳಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ನಾನು ಈ ಲೇಖನಕ್ಕೆ ಕೈ ಹಾಕಿದ್ದೇನೆ. ಕನ್ನಡದ ಮೇಷ್ಟರಿಗೆ ಇಂಗ್ಲಿಷಿನ ಗೊಡವೆ ಏತಕ್ಕೆ ಎಂದು ಕೇಳುವ ಓದುಗರು ಸ್ವಲ್ಪ ತಾಳಬೇಕು. ಆ ಮಾತಿಗೂ ಬರುತ್ತೇನೆ.

ಮೊದಲು ಆ ವಿದ್ಯೆಗೆ ನ್ಯಾಯ ಸಲ್ಲಿಸೋಣ. ಪರಭಾಷೆಯಾಗಿ ಇಂಗ್ಲಿಷನ್ನು ಕಲಿಸುವುದಕ್ಕೆ ಒಂದು ಶಿಕ್ಷಣ ಬೇಕೆಂಬುದು ಸುಳ್ಳಲ್ಲ. ಭಾಷೆ ಬಂದ ಮಾತ್ರಕ್ಕೆ ಭಾಷೆಯನ್ನು ಕಲಿಸಲು ಬರುವುದಿಲ್ಲ. 1962ರಲ್ಲಿ ಲಂಡನ್ನಿನಲ್ಲಿ ಜಾನ್ ಹೇಕ್ರಾಫ್ಟ್ ಎಂಬವರು ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ತಮ್ಮ ಶಾಲೆಯಲ್ಲಿ ಎರಡು ವಾರಗಳ ಚಿಕ್ಕ ತರಬೇತಿಯೊಂದನ್ನು ತೆರೆದರು. ಇಂಗ್ಲಿಷ್ ಮಾತನಾಡುವ ತಮ್ಮ ದೇಶದವರಿಗೇ ಇಂಗ್ಲಿಷ್ ಕಲಿಸಲು ಬಾರದು ಎಂಬುದನ್ನು ಅವರು ಕಂಡುಕೊಂಡಿದ್ದರು. ಆ ಚಿಕ್ಕ ತರಬೇತಿಯೇ ಬೆಳೆದು, ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಲಿಯ ಕೈಗೆ ಬಂದು, ಇಂದು ‘ಸೆಲ್ಟಾ’ ಎಂಬ ಹೆಸರಿನಲ್ಲಿ ಲೋಕವೆಲ್ಲ ಬಲ್ಲ ಪ್ರಮಾಣಪತ್ರವಾಗಿದೆ. ಅದಕ್ಕೂ ನೂರಿಪ್ಪತ್ತು ಗಂಟೆಯೇ. ಆದರೆ ಅದರ ತಿರುಳು ಬೇರೆ. ಅಭ್ಯರ್ಥಿ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಒಟ್ಟು ಆರು ಗಂಟೆ ಪಾಠ ಮಾಡಬೇಕು. ಬಲ್ಲವರೊಬ್ಬರು ಕುಳಿತು ಅದನ್ನು ನೋಡಬೇಕು. ಪಾಠ ಮುಗಿದೊಡನೆ ಎಲ್ಲಿ ಎಡವಿದೆ, ಏಕೆ ಎಡವಿದೆ ಎಂದು ಹೇಳಬೇಕು. ಅವನೂ ನುರಿತವರ ಪಾಠಗಳನ್ನು ಕುಳಿತು ನೋಡಬೇಕು.

ಆ ಆರು ಗಂಟೆಯಲ್ಲಿ ಕಾಳು ಇದೆ. ಉಳಿದ ಜೊಳ್ಳನ್ನು ಯಾರು ಬೇಕಾದರೂ ಮಾರಬಹುದು, ಮಾರುತ್ತಲೂ ಇದ್ದಾರೆ. ‘ನೂರಿಪ್ಪತ್ತು ಗಂಟೆ’ ಎಂಬ ಅಂಕಿಯನ್ನು ಮಾತ್ರ ಎತ್ತಿಕೊಂಡು, ಆರು ಗಂಟೆಯ ಪಾಠವನ್ನು ಕೈಬಿಟ್ಟು, ಫೋನಿನಲ್ಲಿ ಗುಂಡಿ ಒತ್ತಿಸಿ ಕಾಗದ ಕೊಡುವ ಅಂಗಡಿಗಳಿಗೆ ಇಂದು ಲೆಕ್ಕವಿಲ್ಲ. ನೀರಿಗಿಳಿಯದೆ ಈಜು ಕಲಿತವನಿಗೂ ಮಗುವಿನ ಮುಖ ನೋಡದೆ ಪಾಠ ಕಲಿತವನಿಗೂ ಏನು ಭೇದ? ನಿಜವಾದ ಸೆಲ್ಟಾಕ್ಕೆ ನಮ್ಮ ದೇಶದಲ್ಲಿ ಲಕ್ಷ ರೂಪಾಯಿ ಮೀರಿದ ಖರ್ಚು. ಶಿರವಾಳದ ಹುಡುಗನಿಗೆ ಕಾಳು ಎಟುಕದು. ಜೊಳ್ಳನ್ನು ಕಾಳೆಂದು ನಂಬಿಸಿ ಅಳೆದುಕೊಟ್ಟರು.

ಇಷ್ಟಾದರೂ ಸಹಿಸಬಹುದಾಗಿತ್ತು, ಆ ಕಾಗದದಿಂದ ಬಾಗಿಲು ತೆರೆಯುತ್ತಿದ್ದರೆ! ಬಾಗಿಲಿನ ಕಥೆಯನ್ನೂ ಕೇಳಿ. ದಕ್ಷಿಣ ಕೊರಿಯಾದ ಭಾಷಾ ಶಿಕ್ಷಕರ ವೀಸಾಕ್ಕೆ ‘ಇ-2’ ಎಂದು ಹೆಸರು. ಇಂಗ್ಲಿಷ್ ಕಲಿಸಲು ಅದನ್ನು ಕೊಡುವುದು ಏಳು ದೇಶಗಳ ಪೌರರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತದೊಡನೆ 2009ರಲ್ಲಿ ಸಹಿಯಾಗಿ 2010ರ ಜನವರಿಯಿಂದ ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವದ ಒಪ್ಪಂದದಲ್ಲಿ ನಮ್ಮವರಿಗಾಗಿ ಒಂದು ಕಿರುಬಾಗಿಲನ್ನು ಬಿಟ್ಟಿದ್ದಾರೆ. ಅದು ಶಾಲೆಗಳಲ್ಲಿ ಸಹಾಯಕ ಶಿಕ್ಷಕನ ಬಾಗಿಲು. ಅಲ್ಲಿ ಕೇಳುವುದು ಪದವಿ ಮತ್ತು ಇಂಗ್ಲಿಷ್ ಶಿಕ್ಷಕನ ಅರ್ಹತೆ. ಎಂದರೆ ಹುಡುಗನಿಗೆ ಏನಾದರೂ ಉಪಯೋಗವಾಗುವುದಿದ್ದರೆ ಅವನ ಬಿ.ಎಡ್.ನಿಂದ ಆಗಬೇಕೇ ಹೊರತು ಬಳೆ ಒತ್ತೆಯಿಟ್ಟು ತಂದ ಕಾಗದದಿಂದಲ್ಲ. ಇದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ವ್ಯಾಪಾರ ನಡೆಯುವುದೆಂತು?

ಕೊರಿಯಾದವರನ್ನು ಬೈದು ಫಲವಿಲ್ಲ. ಅವರ ದೇಶ, ಅವರ ಕಾನೂನು. ಆದರೆ ಆ ಕಾನೂನಿನ ಬೆನ್ನ ಹಿಂದೆ ನಿಂತಿರುವ ನಂಬಿಕೆಯನ್ನು ಮಾತ್ರ ಪ್ರಶ್ನಿಸಲೇಬೇಕು. ಒಂದು ಭಾಷೆಯನ್ನು ಚೆನ್ನಾಗಿ ಕಲಿಸಬಲ್ಲವನು ಅದನ್ನು ತಾಯಿಯ ಮಡಿಲಲ್ಲಿ ಕಲಿತವನೇ ಎಂಬುದು ಆ ನಂಬಿಕೆ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನವೊಂದು ನಡೆಯಿತು. ಅಲ್ಲಿ ಗಟ್ಟಿಯಾದ ಕೆಲವು ನಂಬಿಕೆಗಳನ್ನು ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸರು 1992ರಲ್ಲಿ ಒಂದೊಂದಾಗಿ ಎತ್ತಿ, ಇವು ಭ್ರಮೆಗಳೆಂದು ತೋರಿಸಿದರು. ಹುಟ್ಟುನುಡಿಯವನೇ ಆದರ್ಶ ಶಿಕ್ಷಕನೆಂಬುದು ಆ ಭ್ರಮೆಗಳಲ್ಲಿ ಒಂದು. ಪುಸ್ತಕದಲ್ಲಿ ಭ್ರಮೆ ಒಡೆಯಿತು. ವೀಸಾ ಕಚೇರಿಯಲ್ಲಿ ಇನ್ನೂ ಒಡೆದಿಲ್ಲ.

ಕನ್ನಡಿಗರಿಗೆ ಇದನ್ನು ವಾದ ಮಾಡಿ ತಿಳಿಸಬೇಕಾಗಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ಕಾರ್ನಾಡರದು ಕೊಂಕಣಿ. ಕೊರಿಯಾದ ಕಾಯಿದೆಯನ್ನು ತಂದು ಕನ್ನಡಕ್ಕೆ ಹಚ್ಚಿದರೆ ಈ ಮೂವರಿಗೂ ಒಂದನೆಯ ತರಗತಿಯಲ್ಲಿ ಕನ್ನಡ ಕಲಿಸುವ ಅರ್ಹತೆ ಇರುತ್ತಿರಲಿಲ್ಲ! ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ಲರು 1894ರಲ್ಲಿ ಕೊಟ್ಟ ನಿಘಂಟನ್ನು ನಾವು ಇಂದಿಗೂ ತೆರೆಯುತ್ತೇವೆ. ಅವರು ಕನ್ನಡವನ್ನು ಪರಭಾಷೆಯಾಗಿ ಕಲಿತವರು. ಒಂದೊಂದು ಶಬ್ದದ ಮುಂದೆಯೂ ನಿಂತು ಇದೇಕೆ ಹೀಗೆ ಎಂದು ಕೇಳಿಕೊಂಡವರು. ಹುಟ್ಟುನುಡಿಯವನು ಆ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ದಾಟಿಬಿಡುತ್ತಾನೆ. ಕಲಿತು ಬಂದವನಿಗೆ ದಾರಿಯ ಕಲ್ಲುಮುಳ್ಳುಗಳು ನೆನಪಿರುತ್ತವೆ. ಆ ನೆನಪು ಮೇಷ್ಟರಿಗೆ ಬಹಳ ಬೇಕು.

ನನ್ನ ಅಜ್ಜ ಓದಿದ್ದು ನಿಜಾಮರ ಕಾಲದ ಶಾಲೆಯಲ್ಲಿ. ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ, ಕೋರ್ಟು ಎಲ್ಲವೂ ಉರ್ದು. ಮನೆಯಲ್ಲಿ ಶುದ್ಧ ಕನ್ನಡದ ಒಕ್ಕಲುಮಕ್ಕಳು ಅಲಿಫ್, ಬೇ ಹೇಳಿಕೊಂಡು ಉರ್ದು ಕಲಿತರು. ಅಜ್ಜನಿಗೆ ಅದನ್ನು ಕಲಿಸಿದ ಮಾಸ್ತರರ ಮನೆಮಾತೂ ಕನ್ನಡವೇ ಆಗಿತ್ತಂತೆ. “ಅವರಿಗಿ ನಮ್ಮ ನಾಲಗಿ ಎಲ್ಲಿ ಎಡವತದ ಅಂತ ಗೊತ್ತಿತ್ತು” ಎಂದು ಅಜ್ಜ ಹೇಳುತ್ತಿದ್ದರು. ಇಳಿವಯಸ್ಸಿನಲ್ಲೂ ಅಜ್ಜ ಉರ್ದು ಪತ್ರಿಕೆಯನ್ನು ತಡವರಿಸದೆ ಓದುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಟ್ಟುನುಡಿಯ ಪ್ರಮಾಣಪತ್ರ ಯಾರೂ ಕೇಳಿರಲಿಲ್ಲ.

ಇನ್ನು ಈ ವಿದ್ಯೆ ಬೆಳೆದದ್ದು ಎಲ್ಲಿ ಎಂಬುದನ್ನು ನೋಡೋಣ. ಲಂಡನ್ನಿನಿಂದ ಸಿದ್ಧವಾಗಿ ಬಂದ ಸರಕು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಪರಭಾಷೆಯಾಗಿ ಇಂಗ್ಲಿಷ್ ಕಲಿಯುವವರಿಗೆ ಎಷ್ಟು ಶಬ್ದ ಬೇಕು, ಯಾವ ಶಬ್ದ ಮೊದಲು ಬೇಕು ಎಂದು ಲೆಕ್ಕಹಾಕಿದವರಲ್ಲಿ ಮೊದಲಿಗರಾದ ಮೈಕೇಲ್ ವೆಸ್ಟ್ ಕೆಲಸ ಮಾಡಿದ್ದು ಢಾಕಾದಲ್ಲಿ; ಬಂಗಾಳದ ಮಕ್ಕಳನ್ನು ಕುರಿತ ಅವರ ವರದಿ ಹೊರಬಂದದ್ದು 1926ರಲ್ಲಿ. ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆ ಹುಟ್ಟಿದ್ದು 1958ರಲ್ಲಿ, ಹೇಕ್ರಾಫ್ಟರ ಎರಡು ವಾರದ ತರಬೇತಿಗೆ ನಾಲ್ಕು ವರ್ಷ ಮೊದಲು. ಅದು ಈಗ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ. ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಸ್ಥಾಪನೆಯಾಯಿತು.

ಎಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಇಂದು ಇಂಥ ಪ್ರಮಾಣಪತ್ರದ ತರಗತಿಗಳಲ್ಲಿ ‘ಕಾರ್ಯಾಧಾರಿತ ಬೋಧನೆ’ ಎಂಬ ಪಾಠವನ್ನು ಹೊಸ ಬೆಳಕಿನಂತೆ ಹೇಳಿಕೊಡುತ್ತಾರೆ. ಆ ಪದ್ಧತಿಯನ್ನು ಶಾಲೆಯಲ್ಲಿ ಮೊದಲು ಒರೆಗೆ ಹಚ್ಚಿ ನೋಡಿದ ಪ್ರಯೋಗಕ್ಕೆ ಜಗತ್ತಿನ ವಿದ್ವಾಂಸರು ‘ಬೆಂಗಳೂರು ಯೋಜನೆ’ ಎಂದೇ ಹೆಸರಿಟ್ಟಿದ್ದಾರೆ. ಎನ್. ಎಸ್. ಪ್ರಭು ಎಂಬವರು ಅದರ ಮುಂದಾಳು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆ ಸಾಧಾರಣ ಶಾಲೆಗಳ ಸಾಧಾರಣ ಮಕ್ಕಳ ನಡುವೆ ಅದು ನಡೆಯಿತು. ಮಕ್ಕಳಿಗೆ ವ್ಯಾಕರಣ ಒಪ್ಪಿಸಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಕೊಟ್ಟು, ಇಂಥ ಹೊತ್ತಿಗೆ ಇಂಥಲ್ಲಿಗೆ ಹೋಗಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲು ಮೇಷ್ಟರೂ ಮಕ್ಕಳೂ ಕೂಡಿ ಒಂದು ಲೆಕ್ಕ ಬಿಡಿಸುವುದು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳೇ ಬಿಡಿಸುವುದು. ಮನಸ್ಸು ಅರ್ಥದ ಮೇಲಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ಮತ. 1987ರಲ್ಲಿ ಅದನ್ನು ಪುಸ್ತಕವಾಗಿ ಬರೆದರು; ಈ ಶಾಸ್ತ್ರವನ್ನು ಓದುವವರು ಇಂದಿಗೂ ಆ ಪುಸ್ತಕವನ್ನು ಬಿಡುವಂತಿಲ್ಲ.

ಎಂಥ ವಿಪರ್ಯಾಸ ನೋಡಿ! ಬೆಂಗಳೂರಿನ ಶಾಲೆಗಳಲ್ಲಿ ಹುಟ್ಟಿದ ಪಾಠವನ್ನು ಶಿರವಾಳದ ಹುಡುಗ ಪರದೇಶದ ಹೆಸರಿನ ಮೊಹರಿಗಾಗಿ ಹಣ ತೆತ್ತು ಕೊಂಡುಕೊಳ್ಳುತ್ತಾನೆ. ಕೊಂಡ ಮೇಲೆ, ನೀನು ಭಾರತೀಯ, ಇದನ್ನು ಕಲಿಸಲು ನಿನಗೆ ಅರ್ಹತೆ ಇಲ್ಲ ಎನ್ನಿಸಿಕೊಂಡು ಹಿಂದಿರುಗುತ್ತಾನೆ.

ಮಾರುವವರ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಮನೆಯ ಹಿತ್ತಿಲನ್ನೂ ಕೊಂಚ ನೋಡಬೇಕು. ಹುಡುಗನ ಬಳಿ ಬಿ.ಎಡ್. ಪದವಿ ಇತ್ತಷ್ಟೆ? 2014ರ ನಿಯಮಾವಳಿಯ ಮೇಲೆ ಆ ಶಿಕ್ಷಣ ಎರಡು ವರ್ಷದ್ದಾಯಿತು. ಅದರಲ್ಲಿ ಇಪ್ಪತ್ತು ವಾರ ಶಾಲೆಯ ಅನುಭವಕ್ಕೆ ಮೀಸಲು. ಆರು ಗಂಟೆಯೆಲ್ಲಿ, ಇಪ್ಪತ್ತು ವಾರವೆಲ್ಲಿ! ನಾವು ಲಂಡನ್ನಿಗೆ ಪಾಠ ಹೇಳಬೇಕಾಗಿತ್ತು. “ಆ ಇಪ್ಪತ್ತು ವಾರದಲ್ಲಿ ನಿನ್ನ ಪಾಠವನ್ನು ಯಾರಾದರೂ ಪೂರ್ತಿ ಕುಳಿತು ನೋಡಿದರೇ?” ಎಂದು ಅವನನ್ನು ಕೇಳಿದೆ. ಅವನು ನಕ್ಕ. ಪಾಠದ ಯೋಜನೆಯ ದಪ್ಪ ಪುಸ್ತಕಗಳನ್ನು ಬಣ್ಣದ ಶಾಯಿಯಲ್ಲಿ ಬರೆದು ಒಪ್ಪಿಸಿದ್ದಾನೆ. ಅವಕ್ಕೆ ಅಂಕ ಬಂದಿದೆ. ಶಾಲೆಯಲ್ಲಿ ಮಾಸ್ತರರಿಲ್ಲದ ತರಗತಿಗಳನ್ನು ಸುಮ್ಮನಿರಿಸುವ ಕೆಲಸಕ್ಕೆ ಅವನನ್ನು ಹಚ್ಚಿದ್ದರು. ನೋಡಿದವರಿಲ್ಲ, ತಿದ್ದಿದವರಿಲ್ಲ. ಎಲ್ಲ ಕಾಲೇಜುಗಳೂ ಹೀಗೆಂದು ನಾನು ಹೇಳಲಾರೆ. ಶ್ರದ್ಧೆಯಿಂದ ಮಾಡುವವರನ್ನು ಬಲ್ಲೆ. ಆದರೆ ಇವನ ಅನುಭವ ಅಪರೂಪದ್ದೆಂದು ಎದೆಮುಟ್ಟಿ ಹೇಳಬಲ್ಲ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ? ಫೋನಿನ ಅಂಗಡಿಯವರು ಮಗುವಿಲ್ಲದ ಪಾಠವನ್ನು ಮಾರಿದರೆ ನಾವು ನೋಡುವವರಿಲ್ಲದ ಪಾಠವನ್ನು ಕೊಟ್ಟೆವು. ಅವರು ನಾಲ್ಕು ವಾರದಲ್ಲಿ ಮೋಸ ಮಾಡಿದರು, ನಾವು ಎರಡು ವರ್ಷ ತೆಗೆದುಕೊಂಡೆವು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಈ ಶಾಸ್ತ್ರದವರು ಎರಡನೆಯ ಭಾಷೆ ಎಂದೂ ಪರಭಾಷೆ ಎಂದೂ ಒಂದು ಭೇದ ಮಾಡುತ್ತಾರೆ. ತರಗತಿಯ ಹೊರಗೂ ಕಿವಿಗೆ ಬೀಳುವುದು, ಬೀದಿಯಲ್ಲಿ ಅಂಗಡಿಯಲ್ಲಿ ಬೇಕಾಗುವುದು ಎರಡನೆಯ ಭಾಷೆ. ತರಗತಿಯ ಗೋಡೆಯೊಳಗೆ ಹುಟ್ಟಿ ಅಲ್ಲೇ ಮುಗಿಯುವುದು ಪರಭಾಷೆ. ನಮ್ಮ ಸರಕಾರದ ಕಡತಗಳಲ್ಲಿ ಇಂಗ್ಲಿಷಿಗೆ ಏನೇ ಹೆಸರಿರಲಿ, ಬೆಂಗಳೂರಿನ ಜಯನಗರದಲ್ಲಿ ಅದು ಎರಡನೆಯ ಭಾಷೆ. ಕೆಲವು ಮನೆಗಳಲ್ಲಿ ಮೊದಲನೆಯದೂ ಆದೀತು. ಶಿರವಾಳದಲ್ಲಿ ಅದು ಪರಭಾಷೆ. ಸಿಯೋಲ್ ನಗರದ ಮಗುವಿಗೆ ಹೇಗೋ ಹಾಗೆ. ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು ದೂರದ್ದು. ಅಲ್ಲಿಯ ಮಗುವಿಗೆ ಪುಸ್ತಕವುಂಟು, ಮನೆಪಾಠವುಂಟು.

ಆದರೆ ನಮ್ಮ ಮಕ್ಕಳಿಗೆ ಅದು ಆಗಲೇ ಗೊತ್ತಿದೆ ಎಂಬಂತೆ ನಾವು ಕಲಿಸುತ್ತೇವೆ. 2007ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ಬಂದವು. ಮಾಧ್ಯಮದ ಬಗೆಗೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 2014ರಲ್ಲಿ ತೀರ್ಪು ಪಡೆದೆವು. ಮಾಧ್ಯಮ ಯಾವುದು ಎಂದು ಹೊಡೆದಾಡಿದಷ್ಟು ಹುರುಪಿನಿಂದ, ಕಲಿಸುವವನಿಗೆ ಕಲಿಸಲು ಬರುತ್ತದೆಯೇ ಎಂದು ಯಾರು ಕೇಳಿದರು? ತರಗತಿಯಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಮಾಸ್ತರರು ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಪ್ರಶ್ನೋತ್ತರವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಮಗು ಹತ್ತು ವರ್ಷ ಇಂಗ್ಲಿಷ್ ಓದಿ, ತನ್ನದೇ ಒಂದು ವಾಕ್ಯವನ್ನು ಆಡದೆ ಹೊರಬರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52, ರಾಜ್ಯದಲ್ಲೇ ಕಡಿಮೆ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಜಿಲ್ಲೆಗೆ ಕೊನೆಯ ಸ್ಥಾನ. ಪರಭಾಷೆಯನ್ನು ಕಲಿಸಬಲ್ಲ ಮೇಷ್ಟರು ಎಲ್ಲಿಗಾದರೂ ಬೇಕಾಗಿದ್ದರೆ ಅದು ಇಲ್ಲಿಗೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ‘ಕನ್ನಡದ ಮೇಷ್ಟರೇ, ನೀವು ಇಂಗ್ಲಿಷಿನ ವಕೀಲಿ ಮಾಡುತ್ತೀರಾ?’ ಎಂದು ನನ್ನ ಮಿತ್ರರೇ ಮುಖ ಸಿಂಡರಿಸುತ್ತಾರೆ. ಅವರಿಗೆ ಗೋಕಾಕರನ್ನು ನೆನಪಿಸುತ್ತೇನೆ. 1980ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ವರದಿ ಕೊಟ್ಟವರು ಅವರು. ಆ ವರದಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು. ಅದೇ ವಿ. ಕೃ. ಗೋಕಾಕರು ಅದಕ್ಕೆ ಮುನ್ನ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷನ್ನು ಹೇಗೆ ಕಲಿಸಬೇಕೆಂದು ಬಲ್ಲವರಿಗೆ ಕನ್ನಡದ ಜಾಗ ಯಾವುದೆಂಬುದೂ ತಿಳಿದಿತ್ತು. ಇಂಗ್ಲಿಷನ್ನು ಕೆಟ್ಟದಾಗಿ ಕಲಿಸುವುದರಿಂದ ಕನ್ನಡ ಉದ್ಧಾರವಾದ ಊರನ್ನು ನಾನಂತೂ ಕಂಡಿಲ್ಲ.

ಇನ್ನೂ ಒಂದು ತಪ್ಪೊಪ್ಪಿಗೆ ಇದೆ. ನನ್ನ ತರಗತಿಗೆ ತಾಂಡಾಗಳಿಂದ ಲಂಬಾಣಿ ಮಾತಿನ ಮಕ್ಕಳು ಬರುತ್ತಾರೆ, ಗುರುಮಠಕಲ್ ಕಡೆಯ ತೆಲುಗು ಮನೆಮಾತಿನವರು ಬರುತ್ತಾರೆ, ಪೇಟೆಯ ಉರ್ದು ಮಕ್ಕಳು ಬರುತ್ತಾರೆ. ಅವರಿಗೆ ಕನ್ನಡ ತಾಯಿನುಡಿಯಲ್ಲ. ನಾನು ಎಂ.ಎ. ಓದುವಾಗ ಪಂಪನನ್ನು ಕಲಿಸಿದರು, ಛಂದಸ್ಸನ್ನು ಕಲಿಸಿದರು. ಬೇರೆ ಮನೆಮಾತಿನ ಹುಡುಗನಿಗೆ ಕನ್ನಡದ ವಾಕ್ಯವೊಂದನ್ನು ಕಟ್ಟಲು ಕಲಿಸುವುದು ಹೇಗೆಂದು ಒಂದು ದಿನವೂ ಹೇಳಿಕೊಡಲಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಹುಟ್ಟಿದ್ದು 1969ರಲ್ಲಿ. ಅದರ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳಲ್ಲಿ ಕನ್ನಡ ಓದು ಬರಹ ಕಲಿತು ಹೋಗುವ ಏರ್ಪಾಡಾಯಿತು. ವಿದ್ಯೆ ಇದೆ, ನಮ್ಮ ರಾಜ್ಯದಲ್ಲೇ ಇದೆ, ನಮ್ಮಂಥವರಿಗೆ ತಲುಪಿಲ್ಲ. ಹಾಗಾಗಿ ನನ್ನ ವಿದ್ಯಾರ್ಥಿ ಫೋನಿನಲ್ಲಿ ಹುಡುಕಲು ಹೋದ ವಿದ್ಯೆ ನನಗೂ ಬೇಕಾದದ್ದೇ. ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ.

ಇನ್ನೊಂದು ಆಕ್ಷೇಪ: ‘ಹಳ್ಳಿಯ ಹುಡುಗ ಹೊರದೇಶಕ್ಕೆ ಹೋಗಿ ನಾಲ್ಕು ಕಾಸು ಕಂಡರೆ ನಿಮ್ಮ ಗಂಟೇನು ಹೋಯಿತು? ನಿಮ್ಮ ಸಂಬಳ ತಿಂಗಳ ಮೊದಲಿಗೆ ಬರುತ್ತದೆ.’ ಈ ಮಾತಿನ ಮುಂದೆ ನಾನು ತಲೆ ಬಾಗುತ್ತೇನೆ. ಹೋಗಬಾರದೆಂದು ನಾನು ಹೇಳುತ್ತಿಲ್ಲ. ಊರಿನಲ್ಲಿಯೇ ಇದ್ದು ಸೇವೆ ಮಾಡೆಂದು ಹನ್ನೆರಡು ಸಾವಿರದವನಿಗೆ ಉಪದೇಶ ಮಾಡುವುದು ನಾಚಿಕೆಗೇಡು. ಗಲ್ಫ್ ದೇಶಗಳಲ್ಲಿ ನಮ್ಮ ಪಠ್ಯಕ್ರಮದ ಶಾಲೆಗಳಿವೆ, ಬಿ.ಎಡ್. ಆದ ಎಷ್ಟೋ ಜನ ನಮ್ಮವರು ಅಲ್ಲಿ ಮರ್ಯಾದೆಯಿಂದ ದುಡಿಯುತ್ತಿದ್ದಾರೆ. ಹೋಗಲಿ. ಆದರೆ ಯಾವ ಬಾಗಿಲು ತನಗೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ತಿಳಿದು ಹೋಗಲಿ. ತಾಯಿಯ ಬಳೆಗಳನ್ನು ಮುಚ್ಚಿದ ಬಾಗಿಲಿಗೆ ಎಸೆಯಬಾರದು ಎಂಬುದಷ್ಟೇ ನನ್ನ ಮಾತು.

ಆಗಬೇಕಾದದ್ದು ಮೂರು. ಒಂದನೆಯದು, ಇಂಥ ಕಾಗದ ಮಾರುವವರು ಹಣ ಮುಟ್ಟುವ ಮೊದಲೇ, ಭಾರತೀಯ ಪಾಸ್‌ಪೋರ್ಟಿನವನಿಗೆ ಯಾವ ದೇಶದಲ್ಲಿ ಇದು ನಡೆಯುತ್ತದೆ, ಯಾವ ದೇಶದಲ್ಲಿ ನಡೆಯುವುದಿಲ್ಲ ಎಂದು ಬರೆದುಕೊಡುವಂತೆ ಕಟ್ಟುಮಾಡಬೇಕು. ಹೊರದೇಶಕ್ಕೆ ಜನರನ್ನು ಕಳಿಸುವ ದಲ್ಲಾಳಿಗಳು ಸರಕಾರದಲ್ಲಿ ಹೆಸರು ನೋಂದಾಯಿಸಬೇಕೆಂದು 1983ರ ವಲಸೆ ಕಾಯಿದೆಯೇ ವಿಧಿಸಿತು. ನೌಕರಿ ಕೊಡಿಸುತ್ತೇವೆಂದು ಶುಲ್ಕ ಪಡೆದವರು, ತಾವು ಕೇವಲ ಶಿಕ್ಷಣ ಕೊಡುವವರೆಂದು ನುಣುಚಿಕೊಳ್ಳಲು ಬಿಡಕೂಡದು. ಎರಡನೆಯದು, ನಮ್ಮ ಬಿ.ಎಡ್. ಕಾಲೇಜುಗಳು ಇಪ್ಪತ್ತು ವಾರದ ಮಾತನ್ನು ಸದ್ಯಕ್ಕೆ ಕಪಾಟಿನಲ್ಲಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಗೆ ಆರು ಗಂಟೆ ಪಾಠವನ್ನಾದರೂ ಬಲ್ಲವರು ಕುಳಿತು ನೋಡಿ ತಿದ್ದಿದ್ದಾರೆಂದು ಖಾತರಿ ಮಾಡಲಿ. ಇದಕ್ಕೆ ಹೊಸ ಕಟ್ಟಡ ಬೇಡ. ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಸಾಕು. ಮೂರನೆಯದು, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣದಿಂದ ಶಾಲೆಗೆ ಗೋಡೆ ಏಳುತ್ತವೆ, ಸಂತೋಷ. ಅದೇ ಹಣದಲ್ಲಿ ಬೆಂಗಳೂರಿನ ಇಂಗ್ಲಿಷ್ ಸಂಸ್ಥೆಯ, ಹೈದರಾಬಾದಿನ ವಿಶ್ವವಿದ್ಯಾಲಯದ ತರಬೇತಿಯನ್ನು ಶಹಾಪುರ, ಸುರಪುರಗಳವರೆಗೆ ತರಲಿ. ಅತಿಥಿ ಶಿಕ್ಷಕರಿಗೂ ಅದರಲ್ಲಿ ಪಾಲಿರಲಿ. ತರಗತಿಗಳಲ್ಲಿ ಪಾಠ ಮಾಡುತ್ತಿರುವವರು ಬಹಳ ಕಡೆ ಅವರೇ.

ಮುಗಿಸುವ ಮುನ್ನ ಒಂದು ಸಂಗತಿಯನ್ನು ಹೇಳದಿದ್ದರೆ ನನ್ನ ವಾದ ಅಪ್ರಾಮಾಣಿಕವಾದೀತು. ಮಳೆಗಾಲದಲ್ಲಿ ಮತ್ತೆ ಊರಿಗೆ ಹೋದಾಗ ಆ ಹುಡುಗನ ತರಗತಿಯಲ್ಲಿ, ಹಿಂದಿನ ಬೆಂಚಿನ ಮೇಲೆ, ಕುಳಿತೆ. ಅತಿಥಿ ಶಿಕ್ಷಕನಾಗಿ ಮತ್ತೆ ಸೇರಿದ್ದ. ಕರಿಹಲಗೆಯ ಮೇಲೆ ಶಹಾಪುರ ಬಸ್‌ನಿಲ್ದಾಣದ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದ. ಹನ್ನೊಂದು ಗಂಟೆಗೆ ಕಲಬುರಗಿ ಆಸ್ಪತ್ರೆಯಲ್ಲಿರಬೇಕಾದ ಅಜ್ಜಿಯನ್ನು ಯಾವ ಬಸ್ಸಿಗೆ ಹತ್ತಿಸಬೇಕು? ಮಕ್ಕಳು ಜಗಳವಾಡುತ್ತಿದ್ದವು. ತಪ್ಪುತಪ್ಪಾದ ಇಂಗ್ಲಿಷಿನಲ್ಲಿ, ಆದರೆ ಇಂಗ್ಲಿಷಿನಲ್ಲಿಯೇ. ಎಂಟರ ಬಸ್ಸು ಎಂದು ಒಬ್ಬಳು, ಅದು ದಾರಿಯಲ್ಲಿ ಕೆಡುತ್ತದೆ, ಏಳರದೇ ಒಳ್ಳೆಯದು ಎಂದು ಇನ್ನೊಬ್ಬ. ಎಲ್ಲಿ ಕಲಿತೆ ಎಂದು ಆಮೇಲೆ ಕೇಳಿದೆ. “ಅದೇ ಫೋನಿನ ಪಾಠದಾಗ ಇತ್ತು ರಿ, ಒಂದ್ ಕಡಿ” ಎಂದ. ಅಷ್ಟು ಜೊಳ್ಳಿನಲ್ಲಿ ಒಂದು ಕಾಳು ಅವನಿಗೆ ಸಿಕ್ಕಿತ್ತು. ಅದು ಬೆಂಗಳೂರಿನಲ್ಲಿ ಬೆಳೆದ ಕಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ.

ಪಾಠದಲ್ಲಿ ತಪ್ಪುಗಳಿದ್ದವು. ಹಿಂದಿನ ಸಾಲಿನ ನಾಲ್ಕು ಮಕ್ಕಳು ಬಾಯಿ ಬಿಡಲೇ ಇಲ್ಲ. ಅದನ್ನು ಅವನು ಗಮನಿಸಿರಲಿಲ್ಲ. ಅದನ್ನೂ ಹೇಳಿದೆ. ಬಿ.ಎಡ್. ಮುಗಿದು ಆರು ವರ್ಷವಾಗಿತ್ತು. ತನ್ನ ಪಾಠವನ್ನು ಪೂರ್ತಿ ನೋಡಿ ಒಬ್ಬರು ಮಾತನಾಡಿದ್ದು ಅದೇ ಮೊದಲು ಎಂದ.

ಬಳೆಗಳು ಇನ್ನೂ ಬಿಡಿಸಿಕೊಂಡಿಲ್ಲ.